ಹೊಸ ರೈಫಲ್‌ನ ಮೊದಲ ಅರವತ್ತು ಗುಂಡು: ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ನಾನು ಮೂಲತಃ ಮೈಸೂರಿನವನು. ಬಹಳ ವರ್ಷಗಳಿಂದ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ವಾಸ, ಗ್ರೀನ್ ಕಾರ್ಡ್ ಇದೆ. ಇತ್ತೀಚೆಗೆ 6.5 ಕ್ರೀಡ್‌ಮೂರ್ ಎಂಬ ತೋಟಾ ಹಾಕುವ ಟಿಕ್ಕಾ ಟಿ3ಎಕ್ಸ್ ಟ್ಯಾಕ್ ಎ1 ರೈಫಲ್ ಕೊಂಡೆ. 24 ಇಂಚಿನ ನಳಿಗೆ, ಒದೆತ ತಗ್ಗಿಸಲು ತುದಿಗೆ ಮಝಲ್ ಬ್ರೇಕ್ ಹಾಕಿಸಿದ್ದೇನೆ, 5-25 ಪವರ್‌ನ, ಮಿಲ್ ಎಂಬ ಕೋನದ ಅಳತೆಯ ಸ್ಕೋಪ್ ನಾನೇ ಕೂರಿಸಿದೆ. ಮೊದಲ ದಿನ 100 ಗಜದಲ್ಲಿ 60 ಗುಂಡು ಹೊಡೆದೆ. ಮೊಟ್ಟಮೊದಲ ಗುಂಡು ಎರಡು ಇಂಚು ಆಚೆ ಹೋಯಿತು. ಆಮೇಲೆ ಮ್ಯಾಚ್ (ಸ್ಪರ್ಧೆಯ ಗುಣಮಟ್ಟದ) ತೋಟಾದಲ್ಲಿ ಮೂರು ಗುಂಡಿನ ಗ್ರೂಪ್, ಅಂದರೆ ಅತಿ ದೂರದ ಎರಡು ತೂತುಗಳ ಅಂತರ, 0.6 ಇಂಚು ಬಂತು, ಕುಣಿದಾಡಿಬಿಟ್ಟೆ. ಮುಂದಿನದು 1.3. ಐದು ಗುಂಡು ಹೊಡೆದಾಗ 1.7, ಅದೂ ಮೇಲೆ-ಕೆಳಗೆ ಉದ್ದಕ್ಕೆ. ಅಗ್ಗದ ತೋಟಾದಲ್ಲಿ 2.2. ಪ್ರತಿ ಗ್ರೂಪ್ ಆದಮೇಲೂ ಸ್ಕೋಪನ್ನು ಒಂದೆರಡು ಕ್ಲಿಕ್ ತಿರುಗಿಸಿದ್ದೇನೆ. ಕೊನೆಕೊನೆಗೆ ಬೋಲ್ಟ್ (ತೋಟಾ ಒಳದೂಡಿ ಬೀಗ ಹಾಕುವ ಭಾಗ) ಎತ್ತುವುದೂ ಗಟ್ಟಿಯಾಯಿತು. ಗೆಳೆಯನ ಬೆರ್ಗಾರಾ ರೈಫಲ್ ಅರ್ಧ ಇಂಚು ಹೊಡೆಯುತ್ತದಂತೆ. ನನಗೆ ಕೆಟ್ಟ ಪೀಸ್ ಸಿಕ್ಕಿತೇ? ನಳಿಗೆಗೆ ಬ್ರೇಕ್-ಇನ್ (ಹೊಸದರಲ್ಲಿ ಗುಂಡು ಹೊಡೆದು ಮತ್ತೆ ಮತ್ತೆ ಶುಚಿ ಮಾಡುವುದು) ಮಾಡದೆ ಹಾಳುಮಾಡಿಕೊಂಡೆನೇ? ಇನ್ನೊಂದು ವಿಷಯ: ಕೊಡವರಾದ ನನ್ನ ಭಾವಮೈದುನ ಬಿ-2 ಪ್ರವಾಸಿ ವೀಸಾದಲ್ಲಿ ಬರುತ್ತಿದ್ದಾರೆ, ಅವರನ್ನೂ ರೇಂಜಿಗೆ ಕರೆದೊಯ್ಯಬೇಕೆಂದಿದ್ದೇನೆ.

ಉತ್ತರ: ನಿಮ್ಮ ರೈಫಲ್ ಕೆಟ್ಟದ್ದು ಎನ್ನಲು ನೀವು ಕಳುಹಿಸಿದ ಗುರಿಹಾಳೆಗಳಲ್ಲಿ ಯಾವ ಆಧಾರವೂ ಇಲ್ಲ. ಅದ್ಭುತ ಎನ್ನಲೂ ಇಲ್ಲ. ಮೊದಲ ದಿನದ 60 ಗುಂಡುಗಳಲ್ಲಿ ನಳಿಗೆಯ ಬಗ್ಗೆ ಗೊತ್ತಾಗುವುದು ಬಹಳ ಕಡಿಮೆ. ಗೊತ್ತಾಗುವುದು ಸ್ಕ್ರೂಗಳ ಬಗ್ಗೆ, ಸ್ಕೋಪ್ ಕೂರಿಸಿದ ಕೈಯ ಬಗ್ಗೆ, ತೋಟಾದ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ಹೊಸ ರೈಫಲ್ ಹಿಂದೆ ಮಲಗಿದ ಮನುಷ್ಯನ ಬಗ್ಗೆ. ರೇಂಜಿನಲ್ಲಿ ಹೊಸಬರ ಪಕ್ಕ ಕೂತು ನೋಡುವ ಕೆಲಸದಲ್ಲಿ ನಾನು ಮೊದಲು ಮಾಡುವುದೇ ಅವರ ಕೈಯಿಂದ ಅಳತೆಪಟ್ಟಿ ಕಸಿದುಕೊಳ್ಳುವುದು.

ಮೊದಲು 0.6 ಮತ್ತು 1.3 ಇಂಚಿನ ಆ ಎರಡು ಗ್ರೂಪ್ ನೋಡೋಣ. ನೀವು ಮೊದಲನೆಯದನ್ನು ರೈಫಲ್‌ನ ಶಕ್ತಿ ಎಂದೂ ಎರಡನೆಯದನ್ನು ಏನೋ ತಪ್ಪಾಗಿದೆ ಎಂದೂ ಓದಿದ್ದೀರಿ. ಎರಡೂ ಒಂದೇ ರೈಫಲ್, ಒಂದೇ ತೋಟಾ, ಒಂದೇ ಹೆಗಲಿನಿಂದ ಬಂದ ಸಹಜ ಏರಿಳಿತ. ಮೂರು ಗುಂಡಿನ ಗ್ರೂಪ್ ಎನ್ನುವುದು ತೀರಾ ಚಂಚಲವಾದ ಅಳತೆ. ಏನೂ ಬದಲಾಯಿಸದೆ ನೂರು ಸಲ ಮೂರು ಗುಂಡು ಹೊಡೆದರೆ ಆ ನೂರು ಅಳತೆಗಳು ಸರಾಸರಿಯಿಂದ ಮೇಲಕ್ಕೂ ಕೆಳಕ್ಕೂ ಸುಮಾರು ಮೂರನೇ ಒಂದು ಭಾಗ ಸಲೀಸಾಗಿ ಓಲಾಡುತ್ತವೆ. ನಿಮ್ಮ ಎರಡರ ಸರಾಸರಿ 0.95 ಇಂಚು. ಒಂದು ಅದರಿಂದ 0.35 ಕೆಳಗೆ, ಇನ್ನೊಂದು 0.35 ಮೇಲೆ. ಪಾಠದ ಪುಸ್ತಕಕ್ಕೆ ಉದಾಹರಣೆಯಾಗಿ ಕೊಡುವಷ್ಟು ಸಹಜ. ಮೂರು ಎಸೆತ ನೋಡಿ ಬೌಲರನ್ನು ತಂಡಕ್ಕೆ ಆರಿಸುವವರು ಮಾತ್ರ ಇದರಿಂದ ತೀರ್ಪು ಕೊಟ್ಟಾರು.

ಗುಂಡಿನ ಸಂಖ್ಯೆ ಹೆಚ್ಚಿದಷ್ಟೂ ಗ್ರೂಪ್ ಹಿಗ್ಗುತ್ತದೆ, ಇದು ಗಣಿತ. ಗ್ರೂಪ್ ಎಂದರೆ ಅತಿ ದೂರದ ಎರಡು ತೂತುಗಳ ನಡುವಿನ ಅಂತರ. ಹೊಸ ತೂತು ಅದನ್ನು ಹಿಗ್ಗಿಸಬಲ್ಲದೇ ಹೊರತು ಕುಗ್ಗಿಸಲಾರದು. ಲೆಕ್ಕ ಹೀಗಿದೆ: ಮೂರು ಗುಂಡಿನ ಸರಾಸರಿ ಗ್ರೂಪಿಗಿಂತ ಐದು ಗುಂಡಿನದು ಸುಮಾರು 1.27 ಪಟ್ಟು, ಹತ್ತು ಗುಂಡಿನದು ಸುಮಾರು 1.6 ಪಟ್ಟು. ಅಂದರೆ 0.95ರ ಸರಾಸರಿಯ ನಿಮ್ಮಿಂದ ಐದು ಗುಂಡಿಗೆ 1.2 ಇಂಚು, ಹತ್ತಕ್ಕೆ ಒಂದೂವರೆ ಇಂಚು ನಿರೀಕ್ಷಿಸುವುದೇ ನ್ಯಾಯ. ಬಂದದ್ದು 1.7. ಸ್ವಲ್ಪ ಹೆಚ್ಚು, ಅದಕ್ಕೆ ಕಾರಣ ಇರಬಹುದು, ಆ ವಿಷಯಕ್ಕೆ ಬರುತ್ತೇನೆ. ಆದರೆ ಗಾಬರಿಪಡುವಷ್ಟಲ್ಲ.

ಕಂಪನಿಗಳ ‘ಸಬ್-ಎಂಒಎ’ ಭರವಸೆಯನ್ನೂ ಇದೇ ಬೆಳಕಿನಲ್ಲಿ ಓದಿ. ಎಂಒಎ ಎಂಬುದೊಂದು ಕೋನದ ಅಳತೆ, ಒಂದು ಎಂಒಎ ಅಂದರೆ 100 ಗಜದಲ್ಲಿ 1.047 ಇಂಚು; ‘ಸಬ್’ ಎಂದರೆ ಅದಕ್ಕಿಂತ ಚಿಕ್ಕ ಗ್ರೂಪ್. ಈ ಭರವಸೆಗಳಲ್ಲಿ ಬಹಳಷ್ಟು ಮೂರು ಗುಂಡಿನ ಲೆಕ್ಕದವು, ಅದೂ ಒಳ್ಳೆಯ ಮ್ಯಾಚ್ ತೋಟಾದಲ್ಲಿ. ಅದು ಸುಳ್ಳಲ್ಲ. ನೀವು ಅದನ್ನು ಐದು ಗುಂಡಿಗೆ, ಅಗ್ಗದ ತೋಟಾಗೆ, ಬಿಸಿಯಾದ ನಳಿಗೆಗೆ ಹಿಗ್ಗಿಸಿ ಓದಿದ್ದೀರಿ. ಇನ್ನು ಗೆಳೆಯನ ಅರ್ಧ ಇಂಚು: ಬೆರ್ಗಾರಾ ಸ್ಪೇನಿನ ಬಾಸ್ಕ್ ಸೀಮೆಯ ಕಂಪನಿ, ನಳಿಗೆಗಳಿಂದಲೇ ಹೆಸರು ಮಾಡಿದ್ದು, ರೈಫಲ್ ಚೆನ್ನಾಗಿಯೇ ಇರುತ್ತದೆ. ಆದರೂ ಅವರನ್ನು ಒಂದು ಮಾತು ಕೇಳಿ: ಅರ್ಧ ಇಂಚು ಎಷ್ಟು ಗುಂಡಿನದು, ಅದರ ಹಿಂದಿನ ಮುಂದಿನ ಗ್ರೂಪ್‌ಗಳ ಫೋಟೊ ಎಲ್ಲಿ? ಎಲ್ಲರ ಫೋನಿನಲ್ಲೂ ಉಳಿಯುವುದು ಅತಿ ಚಿಕ್ಕ ಗ್ರೂಪ್ ಒಂದೇ.

ಈಗ ನಿಮ್ಮ ಕ್ಲಿಕ್‌ಗಳ ವಿಷಯ. ನನಗೆ ನಿಜವಾಗಿ ಬೇಸರ ತಂದದ್ದು ಇದೊಂದೇ. ನಿಮ್ಮ ಸ್ಕೋಪಿನ ಒಂದು ಕ್ಲಿಕ್ 0.1 ಮಿಲ್, ಅಂದರೆ 100 ಗಜದಲ್ಲಿ 0.36 ಇಂಚು. ನಿಮ್ಮ ಸದ್ಯದ ಚೆದುರಿಕೆಯಲ್ಲಿ ಮೂರು ಗುಂಡಿನ ಗ್ರೂಪಿನ ನಡುಬಿಂದುವೇ ಎಡಕ್ಕೋ ಬಲಕ್ಕೋ ಕಾಲು ಇಂಚು ಅತ್ತಿತ್ತ ಬೀಳುವುದು ಸಹಜ. ಹಾಗಿರುವಾಗ ಪ್ರತಿ ಮೂರು ಗುಂಡಿಗೊಮ್ಮೆ ಒಂದೆರಡು ಕ್ಲಿಕ್ ತಿರುಗಿಸಿದರೆ ನೀವು ತಿದ್ದುತ್ತಿರುವುದು ತಪ್ಪನ್ನಲ್ಲ, ಆಕಸ್ಮಿಕವನ್ನು. ಜ಼ೀರೋ (ಗುರಿಯಿಟ್ಟಲ್ಲೇ ಗುಂಡು ಬೀಳುವ ಸ್ಕೋಪಿನ ಸ್ಥಿತಿ) ಅಟ್ಟಿಸಿಕೊಂಡು ಹೋದಂತೆಲ್ಲ ಅದು ಓಡುತ್ತದೆ. ಕನಿಷ್ಠ ಹತ್ತು ಗುಂಡು ಒಂದೇ ಗುರಿಗೆ ಹೊಡೆದು, ಆ ಹತ್ತರ ನಡುಬಿಂದು ಕಂಡುಹಿಡಿದು, ಒಂದೇ ಸಲ ತಿರುಗಿಸಿ, ಟರೆಟ್ (ಕ್ಲಿಕ್ ತಿರುಗಿಸುವ ಗುಬ್ಬಿ) ಸೊನ್ನೆಗೆ ಕೂರಿಸಿ ಕೈ ತೆಗೆಯಿರಿ.

ಉದ್ದಕ್ಕೆ ಬಿದ್ದ ಆ 1.7 ಇಂಚಿನ ಗ್ರೂಪಿನ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಐದು ತೂತುಗಳೂ ಅಡ್ಡಕ್ಕೆ ಅರ್ಧ ಇಂಚಿನೊಳಗೇ ಇವೆ. ಎರಡು ಕೆಳಗೆ, ಎರಡು ನಡುವೆ, ಒಂದು ಸೀದಾ ತಲೆಯ ಮೇಲೆ. ಗಾಳಿ ಹೀಗೆ ಮಾಡುವುದಿಲ್ಲ. ಗಂಟೆಗೆ 10 ಮೈಲಿಯ ಅಡ್ಡಗಾಳಿ ನಿಮ್ಮ 140 ಗ್ರೇನ್ ತೂಕದ ಗುಂಡನ್ನು 100 ಗಜದಲ್ಲಿ ತಳ್ಳುವುದು ಅರ್ಧ ಇಂಚಿನ ಆಸುಪಾಸು, ತಳ್ಳುವುದೂ ಪಕ್ಕಕ್ಕೆ. ವೇಗದ ಏರುಪೇರೂ ಅಲ್ಲ. ಹೊಸಬರು ಮೇಲೆ-ಕೆಳಗೆ ಚೆದುರಿದ್ದನ್ನು ಕಂಡ ಕೂಡಲೇ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ತೋರಿಸುತ್ತಾರೆ. ಆದರೆ ಒಂದು ಗುಂಡು ಸೆಕೆಂಡಿಗೆ 2710 ಅಡಿ, ಇನ್ನೊಂದು 2650 ಅಡಿ ವೇಗದಲ್ಲಿ ಹೊರಟರೂ 100 ಗಜದಲ್ಲಿ ಅವೆರಡರ ಎತ್ತರದ ವ್ಯತ್ಯಾಸ ಇಂಚಿನ ಹತ್ತನೇ ಒಂದು ಭಾಗ ಅಷ್ಟೆ. ಅದೇ 60 ಅಡಿಯ ವ್ಯತ್ಯಾಸ 1000 ಗಜಕ್ಕೆ ಹೋಗುವಷ್ಟರಲ್ಲಿ ಒಂದಡಿಗಿಂತ ಹೆಚ್ಚಾಗುತ್ತದೆ, ಅಲ್ಲಿ ಅದರ ಚಿಂತೆ ಮಾಡಿ. 100 ಗಜದಲ್ಲಿ ಬೇಡ.

ಹಾಗಾದರೆ ಏನು? ನೀವು ಆ ಗ್ರೂಪ್ ಹೊಡೆದದ್ದು ಸಾಕಷ್ಟು ಗುಂಡು ಒಂದೇ ಸಮನೆ ಹೋದ ಮೇಲೆ ಎಂದು ಬರೆದ ಕ್ರಮದಿಂದ ತಿಳಿಯುತ್ತದೆ. ಬಿಸಿಯಾದ ನಳಿಗೆಯಿಂದ ಏಳುವ ಝಳ ಸ್ಕೋಪಿನ ಮುಂದೆಯೇ ಕುಣಿಯುತ್ತದೆ. 25 ಪವರ್‌ನಲ್ಲಿ ಗುರಿಯೇ ತೇಲಿದಂತೆ ಕಾಣುತ್ತದೆ. ಎರಡನೆಯದು ರೈಫಲ್‌ನ ಬುಡದ ಕೆಳಗಿಡುವ ಹಿಂದಿನ ಬ್ಯಾಗ್. ಹಿಂಡಿ ಎತ್ತರ ಸರಿಮಾಡಿಕೊಳ್ಳುವ ಕೈ ದಣಿದಾಗ ಟ್ರಿಗರ್ ಬಿಡುವ ಹೊತ್ತಿಗೆ ಒಂದಿಷ್ಟು ಸಡಿಲವಾಗುತ್ತದೆ. ಬುಡ ಇಳಿದರೆ ಗುಂಡು ಏರುತ್ತದೆ. ಆ ತಲೆಯ ಮೇಲಿನ ತೂತಿಗೆ ನನ್ನ ಅನುಮಾನ ಇದರ ಮೇಲೇ. ಪಕ್ಕದಲ್ಲಿ ಇನ್ನೊಬ್ಬರು ಫೋನಿನಲ್ಲಿ ನಿಮ್ಮ ಎಡಗೈಯ ವಿಡಿಯೊ ತೆಗೆದರೆ ತಾನೇ ಗೊತ್ತಾಗುತ್ತದೆ. ಟ್ರಿಗರ್ ಬೆರಳಿನ ವಿಡಿಯೊ ಎಲ್ಲರೂ ತೆಗೆಯುತ್ತಾರೆ, ಬ್ಯಾಗ್ ಹಿಂಡುವ ಕೈಯದು ಯಾರೂ ತೆಗೆಯುವುದಿಲ್ಲ.

ಗುರಿಯ ದೂರಕ್ಕೆ ಸ್ಕೋಪ್ ಹೊಂದಿಸುವ ಪ್ಯಾರಲ್ಯಾಕ್ಸ್ ಗುಬ್ಬಿಯನ್ನು ನೀವು 100ಕ್ಕೆ ಇಟ್ಟಿರಬಹುದು. ಅಲ್ಲಿ ಬರೆದ ಅಂಕಿಯನ್ನು ನಂಬಬೇಡಿ. ರೈಫಲ್ ಮುಟ್ಟದೆ, ಬ್ಯಾಗಿನ ಮೇಲೆ ಬಿಟ್ಟು, ಸ್ಕೋಪಿನ ಹಿಂದೆ ತಲೆಯನ್ನಷ್ಟೇ ಮೇಲೆ-ಕೆಳಗೆ ಆಡಿಸಿ ನೋಡಿ. ಗುರಿಯ ಮೇಲೆ ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆ) ಜಾರಿದಂತೆ ಕಂಡರೆ ಇನ್ನೂ ಸರಿಯಾಗಿಲ್ಲ. ಜಾರುವುದು ನಿಲ್ಲುವವರೆಗೆ ಗುಬ್ಬಿ ತಿರುಗಿಸಿ. ಅದಕ್ಕೂ ಮೊದಲು ಕಣ್ಣಿನ ಹತ್ತಿರದ ಉಂಗುರದಿಂದ ರೆಟಿಕಲ್ ಚೂಪಾಗಿ ಕಾಣುವಂತೆ ಮಾಡಿಕೊಂಡಿರಬೇಕು. ಟ್ಯಾಕ್ ಎ1ರ ಕೆನ್ನೆಪಟ್ಟಿ ಎತ್ತರಿಸಬಹುದಾದದ್ದು. ಕಣ್ಣು ಮುಚ್ಚಿ ಕೆನ್ನೆ ಇಟ್ಟು, ಕಣ್ಣು ತೆರೆದಾಗ ಸ್ಕೋಪಿನ ಪೂರ್ತಿ ವೃತ್ತ ನೆರಳಿಲ್ಲದೆ ಕಾಣಬೇಕು. ಇಲ್ಲದಿದ್ದರೆ ರೈಫಲ್ ನಿಮಗೆ ಹೊಂದಿಕೊಂಡಿಲ್ಲ, ನೀವು ಅದಕ್ಕೆ ಹೊಂದಿಕೊಳ್ಳುತ್ತ ಕತ್ತು ನೋಯಿಸಿಕೊಳ್ಳುತ್ತಿದ್ದೀರಿ.

ಸ್ಕೋಪ್ ನೀವೇ ಕೂರಿಸಿದ್ದು ಎಂದಿರಿ. ಟಾರ್ಕ್ ವ್ರೆಂಚ್ ಬಳಸಿದಿರೋ ಇಲ್ಲವೋ ಬರೆದಿಲ್ಲ. ಬಳಸದಿದ್ದರೆ, ಮುಂದಿನ ಗುಂಡಿಗೆ ಮುಂಚೆ ಇದೊಂದು ಕೆಲಸ ಆಗಲೇಬೇಕು. ರಿಂಗಿನ ಮೇಲ್ಗಡೆಯ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ಅದಕ್ಕಿಂತ ಬಿಗಿ ಮಾಡಿದರೆ ಸ್ಕೋಪಿನ ಕೊಳವೆಯೇ ಒತ್ತಿಹೋದೀತು. ಕೆಳಗೆ ರೈಲಿಗೆ ಕಚ್ಚುವ ನಟ್ಟಿಗೆ, ಚಾಸಿ ಎಂಬ ಚೌಕಟ್ಟಿಗೆ ಆ್ಯಕ್ಷನ್ (ಬೋಲ್ಟ್ ಕೂರುವ ಭಾಗ) ಹಿಡಿಯುವ ಸ್ಕ್ರೂಗಳಿಗೆ ಬೇರೆ ಬೇರೆ ಅಳತೆ. ಮೌಂಟ್ ಮಾಡಿದವರೂ ರೈಫಲ್ ಮಾಡಿದವರೂ ಕೊಟ್ಟ ಕೈಪಿಡಿಯಲ್ಲಿ ಏನಿದೆಯೋ ಅದೇ. ಮೌಂಟನ್ನು ಮುಂದಕ್ಕೆ ತಳ್ಳಿ ರೈಲಿನ ಗೆರೆಗೆ ತಾಗಿಸಿಯೇ ಬಿಗಿ ಮಾಡಿ, ಇಲ್ಲದಿದ್ದರೆ ಪ್ರತಿ ಒದೆತಕ್ಕೂ ಅದು ಕೂದಲೆಳೆಯಷ್ಟು ಜಾರುತ್ತದೆ. ‘ಕೆಟ್ಟ ರೈಫಲ್’ ಎಂದು ನನ್ನ ಮುಂದೆ ಬಂದು ಕೂತವುಗಳಲ್ಲಿ ಸಡಿಲ ಸ್ಕ್ರೂಗಳದೇ ದೊಡ್ಡ ಪಾಲು. ನಿಜವಾಗಿ ಕೆಟ್ಟ ನಳಿಗೆ ಅಪರೂಪ.

ಮೊಟ್ಟಮೊದಲ ಗುಂಡು ಎರಡು ಇಂಚು ಆಚೆ ಹೋದದ್ದರಲ್ಲಿ ಗೂಢವೇನಿಲ್ಲ. ಕಾರ್ಖಾನೆಯಿಂದ ಬರುವ ನಳಿಗೆಯೊಳಗೆ ತುಕ್ಕು ಹಿಡಿಯದಂತೆ ಎಣ್ಣೆ ಇರುತ್ತದೆ. ಒಣಬಟ್ಟೆಯ ತುಂಡುಗಳನ್ನು ಎರಡು ಮೂರು ಸಲ ಓಡಿಸಿ ಒರೆಸದೆ ಹೊಡೆದರೆ ಮೊದಲ ಗುಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ. ತೋಟಾ ಕೂರುವ ಚೇಂಬರಿನಲ್ಲಿ ಎಣ್ಣೆ ಉಳಿದಿದ್ದರಂತೂ ಇನ್ನೂ ಒಂದು ತೊಂದರೆ: ಹೊಡೆದಾಗ ಹಿತ್ತಾಳೆಯ ಕೇಸ್ ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳಬೇಕು, ಎಣ್ಣೆ ಇದ್ದರೆ ಹಿಡಿತ ತಪ್ಪಿ ಪೂರ್ತಿ ಹೊರೆ ಬೋಲ್ಟಿನ ಮೇಲೆ ಬೀಳುತ್ತದೆ.

ಇಲ್ಲಿಂದ ಬೋಲ್ಟಿನ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನಾನು ಹಗುರವಾಗಿ ತೆಗೆದುಕೊಳ್ಳದ ಸಂಗತಿ ಇದು. ಟಿಕ್ಕಾ ಬೋಲ್ಟ್ ನಯಕ್ಕೆ ಹೆಸರಾದದ್ದು. ಫಿನ್ಲೆಂಡಿನ ರೀಹಿಮಾಕಿಯಲ್ಲಿರುವ ಸಾಕೋ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಸಾಕೋ 2000ದಿಂದ ಇಟಲಿಯ ಬೆರೆಟ್ಟಾ ಕುಟುಂಬದ ಕೈಯಲ್ಲಿದೆ. ಟಿ3 ಬಂದದ್ದು 2003ರಲ್ಲಿ, ಟಿ3ಎಕ್ಸ್ ಆದದ್ದು 2016ರಲ್ಲಿ. ಬೋಲ್ಟನ್ನು ಕೇವಲ 70 ಡಿಗ್ರಿ ಎತ್ತಿದರೆ ಸಾಕು. ಹೆಚ್ಚಿನ ರೈಫಲ್‌ಗಳಲ್ಲಿ ಅದು 90. ಎತ್ತುವ ದಾರಿ ಕಡಿಮೆಯಾದದ್ದರಿಂದ, ಸ್ಪ್ರಿಂಗ್ ಹೂಡುವ ಅಷ್ಟೂ ಕೆಲಸ ಆ ಸಣ್ಣ ತಿರುವಿನಲ್ಲೇ ಆಗಬೇಕು, ಹಾಗಾಗಿ ಮೊದಲಿಂದಲೂ ಒಂದಿಷ್ಟು ಬಿಗಿ ಅನ್ನಿಸುವುದು ಸರಿಯೇ. ಆದರೆ ನೀವು ಹೇಳಿದ್ದು ಕೊನೆಕೊನೆಗೆ ಗಟ್ಟಿಯಾಯಿತು ಎಂದು. ಅದು ಬೇರೆ.

ಪರೀಕ್ಷೆ ಸುಲಭ. ರೈಫಲ್ ಖಾಲಿ ಮಾಡಿ, ಚೇಂಬರ್ ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಂಡು, ಖಾಲಿ ಬೋಲ್ಟ್ ಆಡಿಸಿ. ಆಗಲೂ ಬಿಗಿ ಇದ್ದರೆ ಬೋಲ್ಟಿನ ಮುಂದಿನ ಎರಡು ಲಗ್‌ಗಳ (ಬೀಗ ಹಾಕುವ ಚಾಚುಗಳ) ಹಿಂಭಾಗಕ್ಕೆ ಗ್ರೀಸ್ ಇಲ್ಲ ಎಂದರ್ಥ. ಬೆಂಕಿಕಡ್ಡಿಯ ತುದಿಯಷ್ಟು ಹಚ್ಚಿದರೆ ಸಾಕು. ಖಾಲಿಯಿದ್ದಾಗ ಸರಾಗ, ಹೊಡೆದ ಕೇಸ್ ಒಳಗಿದ್ದಾಗ ಮಾತ್ರ ಬಿಗಿ ಎಂದಾದರೆ ಆ ಕೇಸ್‌ಗಳನ್ನು ಹೆಕ್ಕಿ ಬುಡ ನೋಡಿ. ಪ್ರೈಮರ್ (ಬುಡದ ನಡುವಿನ, ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಅಂಚೆಲ್ಲ ಚಪ್ಪಟೆಯಾಗಿ ಹರಡಿದೆಯೇ? ಬುಡದ ಹಿತ್ತಾಳೆಯಲ್ಲಿ, ಕೇಸ್ ಹೊರಗೆಸೆಯುವ ಎಜೆಕ್ಟರ್ ತೂತಿನ ಗಾತ್ರದ ಹೊಳೆಯುವ ಗುಂಡನೆ ಗುರುತು ಬಿದ್ದಿದೆಯೇ? ಇದ್ದರೆ ಒತ್ತಡ ಹೆಚ್ಚಾಗಿದೆ. ತೋಟಾದ ಡಬ್ಬಿಯನ್ನು ಟೆಕ್ಸಾಸ್ ಬಿಸಿಲಿನಲ್ಲಿ ಬೆಂಚಿನ ಮೇಲೇ ಬಿಟ್ಟಿದ್ದಿರಾ? ಬಿಸಿಯಾದ ಮದ್ದು ಹೆಚ್ಚು ಒತ್ತಡ ಎಬ್ಬಿಸುತ್ತದೆ. ಬಿಸಿಯಾದ ಚೇಂಬರಿನಲ್ಲಿ ತೋಟಾ ಹಾಕಿಟ್ಟು ಹರಟೆ ಹೊಡೆಯುತ್ತ ಕೂತರೂ ಹಾಗೇ. ತೋಟಾ ನೆರಳಿನಲ್ಲಿರಲಿ, ಹೊಡೆಯಲು ಸಿದ್ಧವಾದ ಮೇಲಷ್ಟೇ ಚೇಂಬರಿಗೆ ಹೋಗಲಿ. ಇಷ್ಟೆಲ್ಲ ನೋಡಿಕೊಂಡ ಮೇಲೂ ಕಾರ್ಖಾನೆಯ ತೋಟಾದಲ್ಲಿ ಬೋಲ್ಟ್ ಅಂಗೈಯಿಂದ ಗುದ್ದಿ ಎತ್ತುವ ಸ್ಥಿತಿ ಬಂದರೆ, ಅಲ್ಲಿಗೆ ನಿಲ್ಲಿಸಿ. ಉಳಿದ ತೋಟಾ, ಹೊಡೆದ ಕೇಸ್, ರೈಫಲ್ ಮೂರನ್ನೂ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಇನ್ನೊಂದು ಗುಂಡು ಹೊಡೆದು ನೋಡೋಣ ಎನ್ನುವ ಜಾಗ ಇದಲ್ಲ.

ಅಗ್ಗದ ತೋಟಾದ 2.2 ಇಂಚಿಗೆ ರೈಫಲನ್ನು ದೂರಬೇಡಿ. 6.5 ಕ್ರೀಡ್‌ಮೂರ್ ಹುಟ್ಟಿದ್ದೇ ದೂರದ ಗುರಿಸ್ಪರ್ಧೆಗಾಗಿ. ಹಾರ್ನಡಿ ಕಂಪನಿ 2007ರಲ್ಲಿ ತಂದದ್ದು. ಉದ್ದನೆಯ, ಗಾಳಿಯನ್ನು ಚೆನ್ನಾಗಿ ಸೀಳುವ 140 ಗ್ರೇನ್ ಆಸುಪಾಸಿನ ಗುಂಡು ಮ್ಯಾಗಜೀನಿನ ಅಳತೆಯೊಳಗೇ ಕೂರಬೇಕೆಂಬುದು ಅದರ ವಿನ್ಯಾಸದ ತಿರುಳು. ನಿಮ್ಮ ನಳಿಗೆಯ 8 ಇಂಚಿಗೊಂದು ಸುತ್ತಿನ ಟ್ವಿಸ್ಟ್ (ಒಳಗಿನ ಸುರುಳಿ ಗೆರೆಗಳ ತಿರುವು) ಕೂಡ ಆ ಉದ್ದ ಗುಂಡಿಗಾಗಿಯೇ. ಅಭ್ಯಾಸಕ್ಕೆಂದು ಮಾರುವ ತೋಟಾದಲ್ಲಿ ಗುಂಡಿನ ತೂಕ, ಮದ್ದಿನ ಅಳತೆ ಅಷ್ಟು ಬಿಗಿಯಾಗಿರುವುದಿಲ್ಲ.

ತೋಟಾ ಎಷ್ಟು ಮುಖ್ಯ ಎಂಬುದಕ್ಕೆ ಒಲಿಂಪಿಕ್ ಶೂಟರುಗಳನ್ನು ನೋಡಿ. ಪ್ಯಾರಿಸ್ 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಯ ಸ್ಪರ್ಧೆಯದೂ ಬೋಲ್ಟ್-ಆ್ಯಕ್ಷನ್ ರೈಫಲ್ಲೇ, .22 ಕ್ಯಾಲಿಬರಿನದು. ಅಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ಆ ಮಟ್ಟದವರು ತಮ್ಮ ರೈಫಲನ್ನು ಎಲೀ, ಲಾಪುವಾ, ಆರ್‌ಡಬ್ಲ್ಯುಎಸ್‌ನಂಥ ತೋಟಾ ಕಂಪನಿಗಳ ಪರೀಕ್ಷಾ ಕೇಂದ್ರಕ್ಕೇ ಹೊತ್ತೊಯ್ದು, ಶಿಕಂಜೆಗೆ ಕಚ್ಚಿಸಿ, ಒಂದೇ ಬ್ರ್ಯಾಂಡಿನ ಬೇರೆ ಬೇರೆ ಲಾಟ್‌ಗಳನ್ನು (ಒಮ್ಮೆಗೆ ತಯಾರಾದ ಕಂತುಗಳನ್ನು) ಹೊಡೆದು, ತಮ್ಮ ನಳಿಗೆಗೆ ಒಗ್ಗಿದ ಲಾಟ್ ಆರಿಸಿ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ. ನೀವು ಅಷ್ಟೆಲ್ಲ ಮಾಡಬೇಕಿಲ್ಲ. ಎರಡು ಮೂರು ಕಂಪನಿಯ ಮ್ಯಾಚ್ ತೋಟಾ ಒಂದೊಂದು ಪೆಟ್ಟಿಗೆ ತನ್ನಿ, ಒಗ್ಗಿದ್ದನ್ನು ಅದೇ ಲಾಟ್ ನಂಬರಿನಲ್ಲಿ ಹೆಚ್ಚು ಕೊಳ್ಳಿ. ಬೇರೆ ಬೇರೆ ತೋಟಾ ಬೇರೆ ಬೇರೆ ಜಾಗಕ್ಕೆ ಬೀಳುತ್ತದೆ ಎಂಬುದೂ ನೆನಪಿರಲಿ. ಅಗ್ಗದ್ದರಲ್ಲಿ ಹೊಡೆದು ಕ್ಲಿಕ್ ತಿರುಗಿಸಿ, ಮ್ಯಾಚ್ ಹಾಕಿ ಮತ್ತೆ ಕ್ಲಿಕ್ ತಿರುಗಿಸಿದರೆ ಆ ದಿನ ಸ್ಕೋಪು ಎಲ್ಲಿತ್ತೆಂದು ದೇವರಿಗೇ ಗೊತ್ತು.

ಬ್ರೇಕ್-ಇನ್ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಒಂದು ಗುಂಡು, ಒಂದು ಸಲ ಸ್ವಚ್ಛ, ಹೀಗೆ ಹತ್ತು ಸಲ, ಆಮೇಲೆ ಮೂರಕ್ಕೊಮ್ಮೆ ಎಂಬ ವ್ರತ ಮಾಡದಿದ್ದರಿಂದ ನಿಮ್ಮ ನಳಿಗೆ ಹಾಳಾಗಿಲ್ಲ. ಮಾಡಿದ್ದರೂ ಹಾಳಾಗುತ್ತಿರಲಿಲ್ಲ, ಒಂದು ಶನಿವಾರ ಹೋಗುತ್ತಿತ್ತು. ಚೇಂಬರಿನ ಮುಂದೆ ಗುಂಡು ಪ್ರವೇಶಿಸುವ ಜಾಗದಲ್ಲಿ ಚೇಂಬರ್ ಕೊರೆಯುವ ರೀಮರ್ ಬಿಟ್ಟ ಸಣ್ಣ ಗೀರುಗಳು ಗುಂಡು ಹೊಡೆದಂತೆಲ್ಲ ತಾವೇ ನಯವಾಗುತ್ತವೆ. ಮೊದಲ ಕೆಲವು ಸಲ ತಾಮ್ರ ಹೆಚ್ಚು ಹಿಡಿಯಬಹುದು. 60 ಗುಂಡಿನ ನಂತರ ಒಮ್ಮೆ ತಾಮ್ರ ತೆಗೆಯುವ ದ್ರಾವಣ ಹಾಕಿ ಶುಚಿ ಮಾಡಿ, ಮುಂದೆ ಗ್ರೂಪ್ ಕೆಡುವುದು ಕಂಡಾಗ ಮಾಡಿದರೆ ಸಾಕು. ರಾಡನ್ನು ಚೇಂಬರಿನ ಕಡೆಯಿಂದಲೇ, ಅದನ್ನು ನೇರ ಹಿಡಿಯುವ ಬೋರ್ ಗೈಡ್ ಹಾಕಿಯೇ ತೂರಿಸಿ. ನಳಿಗೆಯ ತುದಿ ಸವೆಯುವುದು ಗುಂಡಿನಿಂದಲ್ಲ, ತುದಿಯಿಂದ ತೂರಿಸಿದ ಅಡ್ಡಾದಿಡ್ಡಿ ರಾಡಿನಿಂದ.

ಹೊಸ ನಳಿಗೆಯ ಬಗ್ಗೆ ನಿಜವಾಗಿ ತಿಳಿದಿರಬೇಕಾದದ್ದು ಬೇರೆ. ಮೊದಲ 100-200 ಗುಂಡು ಹೋಗುವಷ್ಟರಲ್ಲಿ ಬಹಳಷ್ಟು ನಳಿಗೆಗಳ ವೇಗ ತುಸು ಏರಿ ಆಮೇಲೆ ನೆಲೆ ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ 2710 ಎಂದಿರುತ್ತದೆ, ಅದು ಕಂಪನಿಯ 24 ಇಂಚಿನ ಪರೀಕ್ಷಾ ನಳಿಗೆಯದು. ನಿಮ್ಮದು ಮೊದಲ ದಿನ ಕಡಿಮೆ ತೋರಿಸಿದರೆ ಬೇಸರವೂ ಬೇಡ, ಆ ಅಂಕಿಯನ್ನು ಬ್ಯಾಲಿಸ್ಟಿಕ್ ಆ್ಯಪಿಗೆ ತುಂಬಿಸುವುದೂ ಬೇಡ. ಈಗಲೇ 1000 ಗಜದ ಪಟ್ಟಿ ಬರೆದಿಟ್ಟುಕೊಂಡರೆ ಇನ್ನೂರನೇ ಗುಂಡಿನ ಹೊತ್ತಿಗೆ ಅದು ಸುಳ್ಳಾಗಿರುತ್ತದೆ. 6.5 ಕ್ರೀಡ್‌ಮೂರ್ ನಳಿಗೆಯ ಒಳ್ಳೆಯ ಆಯಸ್ಸು ಸುಮಾರು 2000ದಿಂದ 3000 ಗುಂಡು. ಅದರಲ್ಲಿ ಮೊದಲ ಇನ್ನೂರನ್ನು ಪರಿಚಯಕ್ಕೆಂದು ಎತ್ತಿಡಿ.

ಎರಡನೇ ಸಲ ಹೋದಾಗ ಹೀಗೆ ಮಾಡಿ. ಒಂದೇ ಮ್ಯಾಚ್ ತೋಟಾ, ಒಂದೇ ಲಾಟ್. ಒಂದೇ ಹಾಳೆಯ ಮೇಲೆ ನಾಲ್ಕು ಚುಕ್ಕೆ. ಒಂದು ಚುಕ್ಕೆಗೆ ಐದು ಗುಂಡು, ಆಮೇಲೆ ಬೋಲ್ಟ್ ತೆರೆದು, ಖಾಲಿ ಎಂದು ತೋರಿಸುವ ಚೇಂಬರ್ ಫ್ಲ್ಯಾಗ್ ಹಾಕಿ ನೀರು ಕುಡಿದು ಬನ್ನಿ, ನಳಿಗೆಯನ್ನು ಅಂಗೈಯಲ್ಲಿ ಹಿಡಿಯುವಂತಾದ ಮೇಲೆ ಮುಂದಿನ ಚುಕ್ಕೆ. ಪ್ರತಿ ಗುಂಡಿಗೂ ಭುಜ ಎತ್ತಿ ಹೊಸದಾಗಿ ಭಂಗಿ ಕಟ್ಟಿಕೊಳ್ಳಿ. ನಡುವೆ ಒಂದು ಕ್ಲಿಕ್ಕೂ ಮುಟ್ಟಬಾರದು. ಮನೆಗೆ ಬಂದು ನಾಲ್ಕು ಚುಕ್ಕೆಗಳ ತೂತುಗಳನ್ನು ತೆಳು ಕಾಗದದ ಮೇಲೆ ಒಂದೇ ಚುಕ್ಕೆಯ ಸುತ್ತ ಗುರುತು ಮಾಡಿ. ಆ ಇಪ್ಪತ್ತು ತೂತುಗಳ ಚಿತ್ರವೇ ನಿಮ್ಮ ರೈಫಲ್‌ನ ಮೊದಲ ನಿಜವಾದ ಫೋಟೊ. ಅದರ ನಡುಬಿಂದುವಿನಿಂದ ಜ಼ೀರೋ ತಿದ್ದಿ. ಇಪ್ಪತ್ತೂ ಒಂದೂವರೆ ಇಂಚಿನೊಳಗೆ ಬಿದ್ದರೆ ನಿಮ್ಮ ಕೈಯಲ್ಲಿರುವುದು ಬಹಳ ಒಳ್ಳೆಯ ರೈಫಲ್, ಮೂರು ಗುಂಡಿನ ಲೆಕ್ಕದಲ್ಲಿ ಇದು ಮುಕ್ಕಾಲು ಇಂಚಿನ ಸರಾಸರಿಗೆ ಸಮ. ಎರಡೂವರೆ ದಾಟಿದರೆ ಸ್ಕ್ರೂ ಮತ್ತೆ ನೋಡಿ, ನಿಮಗಿಂತ ಚೆನ್ನಾಗಿ ಹೊಡೆಯುವವರ ಕೈಗೆ ಕೊಟ್ಟು ನೋಡಿ, ಆಗಲೂ ಹಾಗೇ ಇದ್ದರೆ ಕಂಪನಿಗೆ ಬರೆಯಬಹುದು.

ಅದೇ ದಿನ ಸ್ಕೋಪಿನ ಲೆಕ್ಕವನ್ನೂ ಚುಕ್ತಾ ಮಾಡಿ. ಎತ್ತರದ ಹಲಗೆಗೆ ತೂಕದ ದಾರ ಕಟ್ಟಿ ನೇರ ಗೆರೆ ಎಳೆಯಿರಿ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು, ಆಮೇಲೆ 10 ಮಿಲ್ ಏರಿಸಿ ಅದೇ ಚುಕ್ಕೆಗೆ ಗುರಿಯಿಟ್ಟು ಇನ್ನೈದು. ಸರಿಯಾಗಿ ಅಳೆದ 100 ಗಜದಲ್ಲಿ ಎರಡು ಗ್ರೂಪ್‌ಗಳ ನಡುಬಿಂದುಗಳ ಅಂತರ 36 ಇಂಚು ಬರಬೇಕು. 35 ಬಂದರೆ ಸ್ಕೋಪಿನಲ್ಲಿ ಶೇಕಡ ಮೂರರಷ್ಟು ಕಳ್ಳಲೆಕ್ಕ ಇದೆ ಎಂದಾಯಿತು. 1000 ಗಜಕ್ಕೆ ನಿಮಗೆ ಏರಿಸಬೇಕಾಗುವುದು ಎಂಟೊಂಬತ್ತು ಮಿಲ್, ಅಲ್ಲಿ ಅದು ಕಾಲು ಮಿಲ್‌ನಷ್ಟು ತಪ್ಪಿಸುತ್ತದೆ. ಮೇಲಿನ ಗ್ರೂಪ್ ಗೆರೆಯಿಂದ ಪಕ್ಕಕ್ಕೆ ಸರಿದರೆ ಸ್ಕೋಪ್ ವಾಲಿಕೊಂಡು ಕೂತಿದೆ.

ಮನೆಯಲ್ಲಿ ಖರ್ಚಿಲ್ಲದ ಅಭ್ಯಾಸವೆಂದರೆ ಖಾಲಿ ಟ್ರಿಗರ್. ತೋಟಾ ಬೇರೆ ಕೋಣೆಯಲ್ಲಿಟ್ಟು, ಚೇಂಬರ್ ಎರಡು ಸಲ ನೋಡಿ, ಗಟ್ಟಿ ಗೋಡೆಯ ಕಡೆ ತಿರುಗಿಸಿ. ಟ್ಯಾಕ್ ಎ1ರದು ಎರಡು ಹಂತದ ಟ್ರಿಗರ್. ಮೊದಲ ಹಂತದ ಸಡಿಲು ತೆಗೆದು, ಗೋಡೆಯಂತೆ ತಡೆಯುವಲ್ಲಿ ನಿಂತು, ಅಲ್ಲಿಂದ ಒತ್ತುವುದು ಬೆರಳಿಗೆ ಒಗ್ಗಬೇಕು. ಟಪ್ ಎಂದಾಗ ರೆಟಿಕಲ್ ಚುಕ್ಕೆಯ ಮೇಲೇ ಇದೆಯೇ ನೋಡಿ. ಇಂಥ ಸೆಂಟರ್‌ಫೈರ್ ರೈಫಲ್‌ಗೆ ಇದರಿಂದ ಏನೂ ಆಗದು; .22 ರಿಮ್‌ಫೈರ್‌ನಲ್ಲಿ ಕೈಪಿಡಿ ನೋಡದೆ ಮಾಡಬೇಡಿ. ರೇಂಜಿನಲ್ಲಿ ಸೂರಿನ ಕೆಳಗೆ ಮಝಲ್ ಬ್ರೇಕ್ ಇಟ್ಟು ಹೊಡೆಯುವಾಗ ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಎರಡೂ ಇರಲಿ. ಪಕ್ಕದವರಿಗೂ ಒಂದು ಮಾತು ಹೇಳಿ, ಬ್ರೇಕಿನ ಗಾಳಿ ಅವರ ಮುಖಕ್ಕೇ ಹೊಡೆಯುತ್ತದೆ.

ಇನ್ನು ನಿಮ್ಮ ಭಾವಮೈದುನರ ವಿಷಯ. ಕೊಡಗಿನಲ್ಲಿ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರು, ನಿಮ್ಮ ರೈಫಲ್ ಕಂಡರೆ ಕೈ ಕಡಿಯದೆ ಇರದು. ಕೊಡವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಅಮೆರಿಕದಲ್ಲಿ ಅದು ನಡೆಯುವುದಿಲ್ಲ. ಬಿ-2 ಇರಲಿ, ಎಚ್-1ಬಿ ಇರಲಿ, ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು, ಸೆಕ್ಷನ್ 922(ಜಿ)(5)(ಬಿ), ಸಾಮಾನ್ಯವಾಗಿ ನಿಷೇಧಿಸುತ್ತದೆ. ರೇಂಜಿನಲ್ಲಿ ಅರ್ಧ ಗಂಟೆ ಕೈಯಲ್ಲಿ ಹಿಡಿಯುವುದಕ್ಕೂ ಇದು ಅನ್ವಯವೆಂದೇ ತಿಳಿದು ನಡೆಯಿರಿ. ಕೆಲವು ವಿನಾಯಿತಿಗಳಿವೆ, ಜನ ಹೆಚ್ಚು ಬಳಸುವುದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿಯದು. ಹೊರಗಿನವರಿಗೂ ಅದು ದುಡ್ಡು ಕಟ್ಟಿದರೆ ಸಿಗುತ್ತದೆ. ಅದನ್ನು ಮೊದಲು ಮಾಡಿಸಿ, ವಕೀಲರನ್ನೊಮ್ಮೆ ಕೇಳಿ, ರೇಂಜಿನವರ ನಿಯಮವನ್ನೂ ಕೇಳಿ, ಆಮೇಲೆ ಕರೆದೊಯ್ಯಿರಿ. ಬಂದೂಕಿನ ಅಪರಾಧ ನಿಮ್ಮ ಗ್ರೀನ್ ಕಾರ್ಡಿಗೂ ಕುತ್ತು ತರಬಲ್ಲದು, ಭಾವಮೈದುನನ ಪ್ರೀತಿಗೆ ಅಷ್ಟು ದೊಡ್ಡ ಬೆಲೆ ಬೇಡ.

ಅವರು ಊರಿಗೆ ಹೊರಡುವಾಗ ನಿಮ್ಮ ರೇಂಜಿನ ಬೆನ್ನುಚೀಲವನ್ನು ಸಾಮಾನು ತುಂಬಲು ಕೊಡಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ, ತೋಟಾದ ಖಾಲಿ ಹಿತ್ತಾಳೆ ಕೇಸ್ ಸಿಕ್ಕರೂ ಗಂಟೆಗಟ್ಟಲೆ ಪೊಲೀಸರಿಗೆ ಉತ್ತರ ಹೇಳುತ್ತ ಕೂರಬೇಕಾದೀತು. ರೇಂಜಿಗೊಂದು ಚೀಲ, ಪ್ರಯಾಣಕ್ಕೊಂದು ಚೀಲ. ಇಪ್ಪತ್ತು ತೂತಿನ ಚಿತ್ರ ತಯಾರಾದಾಗ ಕಳುಹಿಸಿ, ಜೊತೆಗೆ ಹೊಡೆದ ಕೇಸ್‌ಗಳ ಬುಡದ ಫೋಟೊ ಕೂಡ.